ಒಂದೇ ಬೆಳಕಿನ ಹನ್ನೊಂದು ನಕ್ಷತ್ರಗಳು

ನಕ್ಷತ್ರಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ ನಮ್ಮ ಕಡೆಯ ಜನ ಮೊದಲು ಕೇಳುವುದು ದುರ್ಬೀನು ಎಲ್ಲಿದೆ ಎಂದು. ನನ್ನ ಬಳಿ ದುರ್ಬೀನು ಇಲ್ಲ. ಬಾಹ್ಯಾಕಾಶದಲ್ಲಿರುವ ದೂರದರ್ಶಕವೊಂದು ಆಕಾಶದ ಒಂದು ಭಾಗವನ್ನು ಸುಮಾರು ನಾಲ್ಕು ವಾರ ಬಿಡದೆ ನೋಡುತ್ತದೆ, ಅಲ್ಲಿರುವ ನಕ್ಷತ್ರಗಳ ಬೆಳಕನ್ನು ಅಳೆದು ಭೂಮಿಗೆ ಕಳಿಸುತ್ತದೆ. ಆ ಅಳತೆಗಳನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬಹುದು. ನಾನು ಸಿಂಧನೂರಿನ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಕೂತು ಇಳಿಸಿಕೊಳ್ಳುತ್ತಿದ್ದೆ. ಕೆಲಸಕ್ಕೆ ಸಿಗುತ್ತಿದ್ದುದು ಭಾನುವಾರ ಮತ್ತು ರಜೆಯ ದಿನಗಳು. ಹೀಗಾಗಿ ನನ್ನ ನಕ್ಷತ್ರಗಳ ಅಭ್ಯಾಸವೆಲ್ಲ ಹಗಲಿನಲ್ಲೇ ನಡೆಯಿತು.

ನಮ್ಮ ಅತ್ತೆಗೆ ಇದರಲ್ಲಿ ಬಹಳ ದಿನ ನಂಬಿಕೆ ಬರಲಿಲ್ಲ. ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಮಾಳಿಗೆ ಹತ್ತಿ ಬರುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ಬರೀ ಅಂಕಿಗಳು ಓಡುವುದನ್ನು ನೋಡಿ, "ಹಗಲಾಗ ಯಾವ ಚುಕ್ಕಿ ಕಾಣ್ತಾವ ನಿನಗ?" ಎಂದು ಕೇಳುತ್ತಿದ್ದರು. ಅಂಕಿಗಳೇ ಚುಕ್ಕಿ ಎಂದು ಹೇಳಿದರೆ, "ಆತು ಬಿಡು, ಚಾ ಕುಡಿ," ಎಂದು ಇಳಿದು ಹೋಗುತ್ತಿದ್ದರು.

ಆಗ ನನಗೆ ನಲವತ್ತು ದಾಟಿತ್ತು. ಲಿಂಗಸುಗೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತಿದ್ದೇನೆ. ಮನೆಯವರದು ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಮನೆ ಬದಲಿಸುವ ಮಾತು ಇರಲಿಲ್ಲ, ಆದ್ದರಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಮಸ್ಕಿಯ ಮೇಲಿಂದ ಲಿಂಗಸುಗೂರಿಗೆ ಹೋಗಿ ಸಂಜೆ ಮರಳುತ್ತಿದ್ದೆ. ಪಿಎಚ್.ಡಿ.ಗೆ ಸೇರಿದ್ದು ತಡವಾಗಿ. ಮಾರ್ಗದರ್ಶಕರು ದೂರದ ಊರಿನಲ್ಲಿದ್ದರು. ವರ್ಷಕ್ಕೆ ಎರಡು ಸಲ ಹೋಗಿ ಭೇಟಿಯಾಗುತ್ತಿದ್ದೆ, ಉಳಿದಂತೆ ಎಲ್ಲ ಫೋನಿನಲ್ಲಿ.

ನಾನು ಆರಿಸಿಕೊಂಡ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಕ್ಷತ್ರಗಳು ಒಂಟಿಯಾಗಿ ಹುಟ್ಟುವುದು ಕಡಿಮೆ. ಅನಿಲ ಮತ್ತು ದೂಳಿನ ದೊಡ್ಡ ಮೋಡ ಕುಸಿದಾಗ ನೂರಾರು ಒಟ್ಟಿಗೆ ಹುಟ್ಟುತ್ತವೆ. ನಮಗೆಲ್ಲ ಗೊತ್ತಿರುವ ಕೃತ್ತಿಕೆ ಅಂಥದೊಂದು ಗುಂಪು. ನನ್ನ ಗುಂಪು ಅದರ ಉತ್ತರದ ಕಡೆಗಿದೆ, ಬರಿಗಣ್ಣಿಗೆ ಕಾಣುವುದಿಲ್ಲ, ವಯಸ್ಸಿನಲ್ಲಿ ಕೃತ್ತಿಕೆಗಿಂತ ಬಹಳ ಚಿಕ್ಕದು. ಅಲ್ಲಿನ ನಕ್ಷತ್ರಗಳಿಗೆ ಇಪ್ಪತ್ತು ಮೂವತ್ತು ಲಕ್ಷ ವರ್ಷಗಳಷ್ಟೇ ಆಗಿವೆ. ನಕ್ಷತ್ರದ ಲೆಕ್ಕದಲ್ಲಿ ಹಸುಗೂಸುಗಳು. ಇವುಗಳ ಮೈಮೇಲೆ ದೊಡ್ಡ ಕಪ್ಪು ಕಲೆಗಳಿರುತ್ತವೆ. ನಕ್ಷತ್ರ ತಿರುಗುವಾಗ ಕಲೆ ನಮ್ಮ ಕಡೆ ಬಂದರೆ ಬೆಳಕು ತುಸು ಇಳಿಯುತ್ತದೆ, ಆಚೆ ಹೋದರೆ ಏರುತ್ತದೆ. ಈ ಏರಿಳಿತವನ್ನು ಗೆರೆಯಾಗಿ ಎಳೆದರೆ ನಕ್ಷತ್ರ ಎಷ್ಟು ದಿನಕ್ಕೊಮ್ಮೆ ತಿರುಗುತ್ತದೆ ಎಂದು ತಿಳಿಯುತ್ತದೆ. ಕೆಲವು ನಕ್ಷತ್ರಗಳ ಸುತ್ತ ಹುಟ್ಟಿದ ಕಾಲದ ದೂಳು ತಟ್ಟೆಯಾಕಾರದಲ್ಲಿ ಇನ್ನೂ ಉಳಿದಿರುತ್ತದೆ. ಮುಂದೆ ಗ್ರಹಗಳಾಗುವುದು ಅದರಿಂದಲೇ. ದೂಳಿನ ತಟ್ಟೆ ಇರುವ ನಕ್ಷತ್ರಗಳು ಇಲ್ಲದವುಗಳಿಗಿಂತ ನಿಧಾನವಾಗಿ ತಿರುಗುತ್ತವೆಯೇ ಎಂಬುದು ನನ್ನ ಪ್ರಶ್ನೆ. ಪ್ರಶ್ನೆ ಹಳೆಯದು. ಹೊಸ ಅಳತೆಗಳನ್ನಿಟ್ಟುಕೊಂಡು ಮತ್ತೆ ಕೇಳುತ್ತಿದ್ದೆ, ಅಷ್ಟೆ.

ಮೂರು ವರ್ಷದ ಕೆಲಸದ ಮೇಲೆ ಉತ್ತರ ಬಂತು. ತಟ್ಟೆ ಇರುವ ನಕ್ಷತ್ರಗಳಲ್ಲಿ ಬಹಳಷ್ಟು ಎಂಟು ದಿನದ ಆಸುಪಾಸಿನಲ್ಲಿ ಒಂದು ಸುತ್ತು ಹಾಕುತ್ತಿದ್ದವು. ಇಲ್ಲದವು ಅವಕ್ಕಿಂತ ಬೇಗ. ಎರಡು ಗುಂಪು ಕಾಗದದ ಮೇಲೆ ಎಣ್ಣೆ ನೀರಿನ ಹಾಗೆ ಬೇರೆಯಾಗಿ ನಿಂತವು. ಎಲ್ಲರೂ ನಿರೀಕ್ಷಿಸುವ ಉತ್ತರ ಅದೇ ಆಗಿತ್ತು, ಆದ್ದರಿಂದ ನನಗೆ ಅನುಮಾನ ಬರಲಿಲ್ಲ. ಒಂದು ಸಮ್ಮೇಳನದಲ್ಲಿ ಇದನ್ನು ತೋರಿಸಿದೆ, ಜನ ಚಪ್ಪಾಳೆ ತಟ್ಟಿದರು. ಪ್ರಬಂಧ ಬರೆದು ಪತ್ರಿಕೆಗೆ ಕಳಿಸಿದೆವು. ಕೆಲವು ತಿಂಗಳ ಮೇಲೆ, ಹೆಸರು ತಿಳಿಸದ ವಿಮರ್ಶಕರಿಂದ ಟಿಪ್ಪಣಿ ಬಂತು. ಯಾವ ಗೆರೆ ನಿಯಮಿತ, ಯಾವುದು ಅಲ್ಲ ಎಂಬ ವಿಂಗಡಣೆಯನ್ನು ಕಂಪ್ಯೂಟರ್ ಮಾಡಿದೆ. ಫಲಿತಾಂಶ ಗೊತ್ತಿಲ್ಲದ ಇನ್ನೊಬ್ಬರು ಈ ಗೆರೆಗಳನ್ನು ಕಣ್ಣಿಂದ ನೋಡಿ ವಿಂಗಡಿಸಿದ್ದಾರೆಯೇ ಎಂದು ಕೇಳಿದ್ದರು.

ಮಾರ್ಗದರ್ಶಕರು ಫೋನಿನಲ್ಲಿ, "ನ್ಯಾಯವಾದ ಪ್ರಶ್ನೆ. ವಿಷಯ ಗೊತ್ತಿಲ್ಲದವರೇ ಒಳ್ಳೇದು. ಗೆರೆ ನೋಡಿ ಅಭ್ಯಾಸ ಇರೋರು ಯಾರಾದರೂ ಇದ್ದಾರಾ ನಿಮ್ಮಲ್ಲಿ?" ಎಂದರು.

ಯಾರೂ ಇಲ್ಲ ಎಂದೆ. ಆ ಮಾತು ತಪ್ಪೆಂದು ಗೊತ್ತಾಗಲು ಒಂದು ವಾರ ಬೇಕಾಯಿತು.

ನಮ್ಮ ಬಸ್ಸಿನಲ್ಲಿ ದಿನಾ ಬರುತ್ತಿದ್ದ ನರ್ಸ್ ಒಬ್ಬರಿದ್ದರು. ಆರ್.ಎಚ್. ಕ್ಯಾಂಪಿನವರು, ಅಂದರೆ ಸಿಂಧನೂರಿನ ಬಳಿಯ ನಿರಾಶ್ರಿತರ ವಸತಿಯವರು. ಬೆಳಿಗ್ಗೆ ಕ್ಯಾಂಪಿನಿಂದ ಆಟೋದಲ್ಲಿ ಸಿಂಧನೂರಿಗೆ ಬಂದು ನಮ್ಮ ಬಸ್ಸು ಹತ್ತಿ, ಮಸ್ಕಿಯ ದವಾಖಾನೆಗೆ ಹೋಗುತ್ತಿದ್ದರು. ಅವರ ತಂದೆ ತಾಯಿ ಚಿಕ್ಕಂದಿನಲ್ಲಿ ಬಂಗಾಳದ ಕಡೆಯಿಂದ ಬಂದು ಇಲ್ಲಿ ಭತ್ತ ಬೆಳೆದು ನೆಲೆ ನಿಂತವರು. ಇವರು ಇಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಬಂಗಾಳಿ, ಹೊರಗೆ ನಮ್ಮದೇ ಕನ್ನಡ. ನನಗಿಂತ ಐದಾರು ವರ್ಷ ಚಿಕ್ಕವರು. ನಾನು ಅವರನ್ನು ಸಿಸ್ಟರ್ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಮೊದಲು ಬಂದವರು ಇನ್ನೊಬ್ಬರಿಗೆ ಸೀಟು ಹಿಡಿಯುವಷ್ಟು ಬಳಕೆ ಇತ್ತು. ಮಾತು ಹೆಚ್ಚಾಗಿ ಬಸ್ಸು ತಡವಾದ ಬಗ್ಗೆ, ಕಾಲುವೆಗೆ ನೀರು ಬಿಟ್ಟ ಬಗ್ಗೆ.

ಆ ಸೋಮವಾರ ನನ್ನ ತೊಡೆಯ ಮೇಲೆ ಗೆರೆಗಳ ಪ್ರಿಂಟುಗಳ ಕಟ್ಟು ಇತ್ತು. ಇನ್ನೂರಕ್ಕೂ ಹೆಚ್ಚು ಹಾಳೆ, ಒಂದೊಂದು ಹಾಳೆಗೆ ಒಂದೊಂದು ನಕ್ಷತ್ರ. ಕಾಲೇಜಿನ ಸಹೋದ್ಯೋಗಿಯೊಬ್ಬರಿಗೆ ಕೊಟ್ಟು ನೋಡಿ ಎಂದು ಕೇಳಿಕೊಳ್ಳುವ ಯೋಚನೆ. ಬಸ್ಸು ಭತ್ತದ ಗದ್ದೆಗಳ ನಡುವೆ ಹೋಗುತ್ತಿತ್ತು. ಸಿಸ್ಟರ್ ಮೇಲಿನ ಹಾಳೆಯನ್ನು ಒಂದು ಗಳಿಗೆ ನೋಡಿದರು.

"ಯಾರದು ಮೇಡಂ ಇ.ಸಿ.ಜಿ.? ಭಾಳ ಸಾವಕಾಶ ಐತಲ್ಲ."

ಇ.ಸಿ.ಜಿ. ಅಲ್ಲ, ನಕ್ಷತ್ರದ ಬೆಳಕು ಎಂದು ಹೇಳಿದೆ. ಅವರು ನಗಲಿಲ್ಲ. ಎಷ್ಟು ದಿನದ ಗೆರೆ, ಕೆಳಗಿನ ಅಂಕಿ ಏನು, ಮೇಲಿನದು ಏನು ಎಂದು ಕೇಳಿದರು. ಹೇಳಿದೆ. ಆಮೇಲೆ ಸಲೀಸಾಗಿ, ಕಟ್ಟನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ಹಾಳೆ ತಿರುವತೊಡಗಿದರು.

"ಇದು ನೆಟ್ಟಗ ಬಡಿಯಾಕತ್ತೈತಿ. ಇದಕ್ಕ ತಾಳಾನ ಇಲ್ಲ. ಇದು ಮತ್ತ ನೆಟ್ಟಗ."

ಅವರ ಕೆಲಸ ಏನು ಎಂದು ಅಲ್ಲಿಯವರೆಗೂ ನಾನು ಸರಿಯಾಗಿ ಕೇಳಿರಲಿಲ್ಲ. ದವಾಖಾನೆಯಲ್ಲಿ ಹೃದಯದ ಪಟ್ಟಿ ತೆಗೆಯುವುದೇ ಅವರ ಮುಖ್ಯ ಕೆಲಸವಾಗಿತ್ತು. ಹನ್ನೆರಡು ವರ್ಷದಿಂದ ದಿನಾ ತೆಗೆಯುತ್ತಿದ್ದರು. ಡಾಕ್ಟರಿಗೆ ತೋರಿಸುವ ಮೊದಲೇ ಯಾವ ಪಟ್ಟಿಯನ್ನು ಕೈಯಲ್ಲಿ ಹಿಡಿದು ಓಡಬೇಕು, ಯಾವುದನ್ನು ಮೇಜಿನ ಮೇಲೆ ಇಟ್ಟರೆ ಸಾಕು ಎಂದು ಅವರಿಗೆ ತಿಳಿಯುತ್ತಿತ್ತು. ಮಸ್ಕಿ ಬರುವ ಹೊತ್ತಿಗೆ ಹಾಳೆಗಳನ್ನು ವಿಂಗಡಿಸಿಕೊಡಿ ಎಂದು ನಾನು ಕೇಳಿದ್ದೆ, ಅವರು ಒಪ್ಪಿದ್ದರು. ನಕ್ಷತ್ರಗಳ ಬಗ್ಗೆ ನಾನು ಹೆಚ್ಚೇನೂ ಹೇಳಬಾರದು ಎಂಬುದು ನಿಯಮ. ನೆಟ್ಟಗೆ ಏರಿಳಿಯುವುದು ಒಂದು ಕಡೆ, ತಾಳವಿಲ್ಲದ್ದು ಒಂದು ಕಡೆ, ಏನೂ ತಿಳಿಯದ್ದು ಇನ್ನೊಂದು ಕಡೆ ಇಡಿ ಎಂದಷ್ಟೇ ಹೇಳಿದೆ. ಹಾಳೆಗಳ ಮೇಲೆ ನಕ್ಷತ್ರದ ಗುರುತೂ ಇರಲಿಲ್ಲ, ಬರೀ ಕ್ರಮಸಂಖ್ಯೆ.

ಹತ್ತು ದಿನ ಹೀಗೇ ನಡೆಯಿತು. ಸಿಂಧನೂರಿನಿಂದ ಮಸ್ಕಿಯವರೆಗೆ ಅವರು ಹಾಳೆ ನೋಡುತ್ತಿದ್ದರು, ನಾನು ಕಿಟಕಿಯಾಚೆ ನೋಡುತ್ತಿದ್ದೆ. ಅವರು ಇಳಿದ ಮೇಲೆ ಹೊಲಗಳಲ್ಲಿ ನೀರು ಕಡಿಮೆಯಾಗಿ ತೊಗರಿ, ಹತ್ತಿ ಶುರುವಾಗುತ್ತಿದ್ದವು. ಕಂಡಕ್ಟರ್ ಮೊದಮೊದಲು, "ಎಲ್ಲಾ ಪೇಶಂಟ್ ಒಂದಾ ಸಲ ಬಿದ್ದಾರೇನ್ರಿ ಸಿಸ್ಟರ್?" ಎಂದು ಕೇಳಿದ, ಆಮೇಲೆ ಸುಮ್ಮನಾದ.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಅವರು ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬಸ್ಸಿನ ಕಿಟಕಿಯ ಬೆಳಕಿಗೆ ಹಿಡಿದರು.

"ಮೇಡಂ, ಇವೆರಡೂ ಒಬ್ಬ ಪೇಶಂಟಂದು."

"ಇಲ್ಲರೀ, ಬೇರೆ ಬೇರೆ ನಕ್ಷತ್ರ ಅವು."

"ಬ್ಯಾರೆ ಇರಬಹುದು. ಪಟ್ಟಿ ಒಂದಾ ಐತಿ. ಇದರ ಇಳಿಕಿ ಎಲ್ಲಿ ಬಿದ್ದೈತಿ, ಇದರದೂ ಅಲ್ಲೇ ಬಿದ್ದೈತಿ. ಇಲ್ಲಿ ನೋಡ್ರಿ, ಸಣ್ಣದೊಂದು ಹಲ್ಲು ಎದ್ದೈತಿ. ಇದರಾಗೂ ಅದಾ ಜಾಗಾದಾಗ ಎದ್ದೈತಿ."

ನಾನು ನೋಡಿದೆ. ಎಳೆಯ ನಕ್ಷತ್ರಗಳು ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ಭುಗಿಲೆದ್ದು ಬೆಳಗಿ ಆರುತ್ತವೆ. ಗೆರೆಯಲ್ಲಿ ಅದು ಹಲ್ಲಿನಂತೆ ಕಾಣುತ್ತದೆ. ಎರಡು ನಕ್ಷತ್ರಗಳು ಒಂದೇ ದಿನ, ಒಂದೇ ಗಳಿಗೆಯಲ್ಲಿ ಭುಗಿಲೇಳುವುದು ಆಗದ ಮಾತು.

"ಒಮ್ಮೆ ಟ್ರೇನಿಂಗ್‌ನಾಗ ನಾನಾ ತಪ್ಪು ಮಾಡಿದ್ದೆ," ಎಂದರು ಸಿಸ್ಟರ್. "ಒಬ್ಬ ಮುದುಕನ ಪಟ್ಟಿ ಇಬ್ಬರ ಫೈಲಿಗೆ ಹಚ್ಚಿಬಿಟ್ಟಿದ್ದೆ. ಮ್ಯಾಲಿನ ಸಿಸ್ಟರ್ ಹಿಂಗಾ ಬೆಳಕಿಗೆ ಹಿಡದು ತೋರಿಸಿದ್ರು. ಆವತ್ತಿಂದ ನನಗ ಹಿಡದು ನೋಡೂ ಚಟ."

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಚೀಲದಿಂದ ಇನ್ನೊಂದಿಷ್ಟು ಹಾಳೆ ತೆಗೆದರು. ಹಿಂದಿನ ದಿನವೇ ಬೇರೆ ತೆಗೆದಿಟ್ಟಿದ್ದರಂತೆ, ಹೇಳಲೋ ಬೇಡವೋ ಎಂದು. ಒಟ್ಟು ಹನ್ನೊಂದು. ಎಲ್ಲದರಲ್ಲೂ ಅದೇ ಇಳಿತ, ಅದೇ ಹಲ್ಲು. ಕೆಲವುಗಳಲ್ಲಿ ದೊಡ್ಡದಾಗಿ, ಕೆಲವುಗಳಲ್ಲಿ ಕಂಡೂ ಕಾಣದಂತೆ.

ಮಸ್ಕಿ ಬಂತು. ಅವರು ಇಳಿಯುವಾಗ, "ನಂದು ತಪ್ಪಾಗಿದ್ರೂ ಆಗಿರಬಹುದು ಮೇಡಂ. ಜರಾ ನೋಡ್ರಿ," ಎಂದರು.

ಆ ದಿನ ನಾನು ಎರಡು ತರಗತಿ ತೆಗೆದುಕೊಂಡೆ. ಏನು ಹೇಳಿದೆ ಎಂದು ನೆನಪಿಲ್ಲ. ಮಧ್ಯಾಹ್ನ ಪ್ರಯೋಗಾಲಯದ ಮೂಲೆಯಲ್ಲಿ ಕೂತು ಆ ಹನ್ನೊಂದು ಕ್ರಮಸಂಖ್ಯೆಗಳು ಆಕಾಶದಲ್ಲಿ ಎಲ್ಲಿವೆ ಎಂದು ಹುಡುಕಿದೆ. ಹತ್ತು ನಿಮಿಷದ ಕೆಲಸ. ಮೂರು ವರ್ಷದಲ್ಲಿ ಅದನ್ನು ಒಮ್ಮೆಯೂ ಮಾಡಿರಲಿಲ್ಲ. ಹನ್ನೊಂದೂ ಗುಂಪಿನ ನಟ್ಟನಡುವೆ ಒತ್ತೊತ್ತಾಗಿದ್ದವು. ಅವುಗಳ ಮಧ್ಯೆ ಒಂದು ದೊಡ್ಡ, ಪ್ರಕಾಶಮಾನವಾದ ನಕ್ಷತ್ರವಿತ್ತು. ನಿಜವಾಗಿ ಎಂಟು ದಿನಕ್ಕೊಮ್ಮೆ ತಿರುಗುತ್ತಿದ್ದುದು ಅದು. ದೂರದರ್ಶಕದ ಕ್ಯಾಮೆರಾದ ಒಂದೊಂದು ಚೌಕವೂ, ಅಂದರೆ ಪಿಕ್ಸೆಲ್ಲೂ, ದೊಡ್ಡದು. ಇಕ್ಕಟ್ಟಿನ ಜಾಗದಲ್ಲಿ ಒಂದರ ಬೆಳಕು ಪಕ್ಕದವುಗಳ ಲೆಕ್ಕಕ್ಕೂ ಸೋರಿ ಸೇರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ನನಗೂ ಗೊತ್ತಿತ್ತು. ಅದಕ್ಕಾಗಿ ಒಂದು ತಪಾಸಣೆಯನ್ನೂ ಬರೆದಿದ್ದೆ, ಆದರೆ ಬಹಳ ಸಡಿಲವಾಗಿ. ಆ ಹನ್ನೊಂದಕ್ಕೆ ಕಂಪ್ಯೂಟರ್ ಕೊಟ್ಟ ದಿನಗಳು ಏಳೂಮುಕ್ಕಾಲು, ಎಂಟು, ಎಂಟೂಕಾಲು ಎಂದು ಚೂರು ಚೂರು ಬೇರೆ ಇದ್ದುದರಿಂದ ಕಣ್ಣಿಗೆ ಬೀಳಲಿಲ್ಲ. ಗುಂಪಿನ ನಡುವೆ ಇದ್ದ ಅವೆಲ್ಲಕ್ಕೂ ದೂಳಿನ ತಟ್ಟೆ ಇತ್ತು. ತಿರುಗುವ ದಿನ ಸರಿಯಾಗಿ ಸಿಕ್ಕ ತಟ್ಟೆಯ ನಕ್ಷತ್ರಗಳೇ ಇಪ್ಪತ್ತರ ಒಳಗಿದ್ದವು, ನನ್ನ ಅಚ್ಚುಕಟ್ಟಾದ ಉತ್ತರ ನಿಂತಿದ್ದು ಈ ಹನ್ನೊಂದರ ಮೇಲೆ.

ಸಂಜೆ ಲಿಂಗಸುಗೂರಿನ ಬಸ್ ನಿಲ್ದಾಣದಿಂದ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಮುದಗಲ್ ಬಸ್ಸನ್ನು ಹಿಂದಕ್ಕೆ ತೆಗೆಯುತ್ತಿದ್ದರು, ಗದ್ದಲ. ಎರಡು ಸಲ ಹೇಳಬೇಕಾಯಿತು. ಅವರು ಆ ಹನ್ನೊಂದು ಕ್ರಮಸಂಖ್ಯೆಗಳನ್ನು ಓದಿಸಿ ಬರೆದುಕೊಂಡರು.

"ಪ್ರಬಂಧ ಹಿಂದಕ್ಕೆ ತಗೊಳ್ಳಿ," ಎಂದರು. "ನಾಳೆಯೇ ಬರೆಯಿರಿ. ಕಾರಣವನ್ನೂ ಬರೆಯಿರಿ."

"ಸಮ್ಮೇಳನದಲ್ಲಿ ತೋರಿಸಿದ್ದೀನಲ್ಲ ಸರ್?"

"ಅವರಿಗೂ ಒಂದು ಪತ್ರ. ನಾನು ನಿಮ್ಮ ಜೊತೆ ಸಹಿ ಹಾಕ್ತೀನಿ. ಅಂದ ಹಾಗೆ, ನೋಡಿದವರು ಯಾರು?"

ಹೇಳಿದೆ. "ಅವರ ಹತ್ರ ಇನ್ನೊಂದು ಸಲ ಎಲ್ಲಾ ಹಾಳೆ ನೋಡಿಸಿ," ಎಂದರು.

ಪತ್ರಗಳನ್ನು ಬರೆದೆ. ನಾಚಿಕೆ ಆಯಿತೇ ಎಂದು ಈಗ ಕೇಳಿಕೊಂಡರೆ, ಆಯಿತು. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಬಗೆಯ ಖಾಲಿತನ. ಮನೆಯಲ್ಲಿ ಯಾರಿಗೂ ವಿವರವಾಗಿ ಹೇಳಲಿಲ್ಲ. ಮನೆಯವರು ಒಂದು ದಿನ ಊಟದ ಹೊತ್ತಿಗೆ, "ಕೆಲಸ ಕೆಟ್ಟೈತೇನು?" ಎಂದು ಕೇಳಿದರು. ಕೆಟ್ಟಿದೆ, ಮತ್ತೆ ಮೊದಲಿಂದ ಮಾಡಬೇಕು ಎಂದೆ. "ಮಾಡು," ಎಂದು ರೊಟ್ಟಿ ಮುರಿದರು. ಅಂಗಡಿಯಲ್ಲಿ ಮೊಳೆಯದ ಬೀಜ ವಾಪಸ್ಸು ತರುವ ರೈತರನ್ನು ನೋಡಿದವರು ಅವರು, ಅವರಿಗೆ ಅದು ದೊಡ್ಡ ಸುದ್ದಿಯಾಗಲಿಲ್ಲ.

ಸಿಸ್ಟರ್‌ಗೆ ಮಾತ್ರ ಪೂರ್ತಿ ಹೇಳಿದೆ. ಅವರು ಗಾಬರಿಯಾದರು.

"ನಾ ಹೇಳದಿದ್ರ ಚಲೋ ಇತ್ತೇನ್ರಿ ಮೇಡಂ? ನಿಮ್ಮ ಡಿಗ್ರಿ?"

"ನೀವು ಹೇಳದಿದ್ದರೆ ತಪ್ಪು ಅಚ್ಚಾಗಿ ಹೋಗುತ್ತಿತ್ತು."

"ಅದೂ ಖರೇನಾ ಬಿಡ್ರಿ," ಎಂದರು. "ತಪ್ಪು ಪಟ್ಟಿ ನೋಡಿ ಔಷಧ ಕೊಟ್ಟಂಗ ಆಕ್ಕಿತ್ತು."

ಎರಡನೆಯ ಸಲದ ವಿಂಗಡಣೆ ಬಸ್ಸಿನಲ್ಲಿ ಆಗುವಂತಿರಲಿಲ್ಲ. ಹಾಳೆಗಳನ್ನು ನೆಲದ ಮೇಲೆ ಹರಡಬೇಕು ಎಂದರು. ಅವರಿಗೆ ರಜೆ ಸಿಕ್ಕ ನಾಲ್ಕು ಭಾನುವಾರ ನಾನು ಕ್ಯಾಂಪಿಗೆ ಹೋದೆ. ಮನೆಯ ಮುಂದಿನ ಪಡಸಾಲೆಯಲ್ಲಿ ಅವರ ತಾಯಿ ಚಾಪೆ ಹಾಸಿ ಕೊಡುತ್ತಿದ್ದರು. ಗಾಳಿಗೆ ಹಾಳೆ ಹಾರದಂತೆ ನಾವು ಅವುಗಳ ಮೇಲೆ ಬಟ್ಟಲು, ಲೋಟ, ಕೈಗೆ ಸಿಕ್ಕಿದ್ದನ್ನು ಇಡುತ್ತಿದ್ದೆವು. ಈ ಸಲ ನಾನು ಆಕಾಶದ ನಕ್ಷೆ ಬಿಡಿಸಿಕೊಂಡು ಹೋಗಿದ್ದೆ. ಅವರು ಒಂದೇ ತರಹದ ಹಾಳೆಗಳನ್ನು ಕೂಗಿ ಹೇಳಿದರೆ ನಾನು ನಕ್ಷೆಯಲ್ಲಿ ಗುರುತು ಹಾಕುತ್ತಿದ್ದೆ. ಹೊರ ಅಂಚಿನಲ್ಲಿ ಇನ್ನೂ ಮೂರು ಜೋಡಿ ಸಿಕ್ಕವು.

ತಂದೆ ಕೆಲವು ವರ್ಷಗಳ ಹಿಂದೆ ತೀರಿಹೋಗಿದ್ದರು. ತಾಯಿಗೆ ಕನ್ನಡ ಕಡಿಮೆ. ಮೊದಲ ಭಾನುವಾರ ಮಧ್ಯಾಹ್ನ ಅವರು ಮಗಳಿಗೆ ಏನೋ ಹೇಳಿದರು, ಮಗಳು ನನ್ನ ಕಡೆ ನೋಡಿ ಸಂಕೋಚಪಟ್ಟರು. "ನೀವು ಲಿಂಗಾಯತರು, ನಮ್ಮ ಮನ್ಯಾಗ ಮೀನ ಮಾಡ್ತೀವಿ. ಅವ್ವ ಕೇಳಾಕತ್ಯಾಳ, ಉಣ್ತಾರೋ ಇಲ್ಲೋ ಅಂತ." ಅನ್ನ, ಬೇಳೆ ಇದ್ದರೆ ಸಾಕು ಎಂದೆ. ಮುಂದಿನ ವಾರದಿಂದ ನಾನು ಹೋದ ದಿನ ಆ ಮನೆಯಲ್ಲಿ ಮೀನು ಮಾಡಲಿಲ್ಲ. ಮಾಡಿ ಎಂದರೂ ಕೇಳಲಿಲ್ಲ. ನಾನು ಮನೆಗೆ ಬಂದು ಇದನ್ನು ಅತ್ತೆಗೆ ಹೇಳಿದೆ.  ಕೊನೆಯ ಭಾನುವಾರ ನಾನು ಹೊರಡುವಾಗ ಅವರು ಶೇಂಗಾದ ಹೋಳಿಗೆಯ ಡಬ್ಬಿ ಕೈಗೆ ಕೊಟ್ಟು, "ಆ ಹೆಣ್ಣಮಗಳಿಗೆ ಕೊಡು, ಚುಕ್ಕಿ ಎಣಿಸಾಕತ್ತಾಳಲ್ಲ ಅಕಿಗೆ," ಎಂದರು.

ಸೋರಿದ ಬೆಳಕಿನ ನಕ್ಷತ್ರಗಳನ್ನೆಲ್ಲ ತೆಗೆದುಹಾಕಿ, ತಪಾಸಣೆಯನ್ನು ಬಿಗಿ ಮಾಡಿ, ಲೆಕ್ಕ ಮತ್ತೆ ಮಾಡಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಹೊಸ ಉತ್ತರ ಮೊದಲಿನಷ್ಟು ಚೆಂದ ಇರಲಿಲ್ಲ. ತಟ್ಟೆ ಇರುವ ನಕ್ಷತ್ರಗಳು ನಿಧಾನ ಎಂಬುದು ಉಳಿಯಿತು, ಆದರೆ ಕ್ಷೀಣವಾಗಿ. ಎರಡು ಗುಂಪುಗಳು ಒಂದರೊಳಗೊಂದು ಕಲಸಿಕೊಂಡಿದ್ದವು. ಹೌದು ಎಂದು ಗಟ್ಟಿಯಾಗಿ ಹೇಳಲು ಬರುವುದಿಲ್ಲ, ಇಲ್ಲ ಎನ್ನಲೂ ಬರುವುದಿಲ್ಲ ಎಂದು ಬರೆದೆವು. ಪ್ರಬಂಧ ಅಚ್ಚಾಯಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಇಕ್ಕಟ್ಟಾದ ಗುಂಪುಗಳಲ್ಲಿ ಸೋರುವ ಬೆಳಕನ್ನು ಹೇಗೆ ಹಿಡಿಯಬೇಕು ಎಂಬ ಅದರ ಎರಡು ಪುಟಗಳ ಬಗ್ಗೆ ನನಗೆ ಪರಿಚಯವಿಲ್ಲದ ಇಬ್ಬರು ಬರೆದು ಕೇಳಿದರು. ಉತ್ತರ ಕೊಟ್ಟೆ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಎರಡು ಪುಟಗಳಲ್ಲೇ ನಿಂತರು. ಇದನ್ನು ಕಂಡುಹಿಡಿದದ್ದು ಯಾವ ವಿಧಾನದಿಂದ ಎಂದು ಕೇಳಿದರು. ಎರಡು ಹಾಳೆಗಳನ್ನು ಬಸ್ಸಿನ ಕಿಟಕಿಗೆ ಹಿಡಿದು ಎಂದೆ. ಅವರು ತಮಾಷೆ ಎಂದುಕೊಂಡರು. ಮಾರ್ಗದರ್ಶಕರು, "ನಿಜ, ಅದು ಹಾಗೇ ಆಗಿದ್ದು," ಎಂದ ಮೇಲೆ ಪೂರ್ತಿ ಕೇಳಿಸಿಕೊಂಡು ಬರೆದುಕೊಂಡರು.

ಅಷ್ಟರಲ್ಲಿ ಸಿಸ್ಟರ್‌ಗೆ ಬೇರೆ ತಾಲ್ಲೂಕಿಗೆ ವರ್ಗವಾಗಿತ್ತು. ಬಸ್ಸು ಬೇರೆ, ಸಮಯ ಬೇರೆ. ಪ್ರಬಂಧದಲ್ಲಿ ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರು ಹಾಕಿದ್ದೆವು. ಮಾರ್ಗದರ್ಶಕರು ಲೇಖಕರ ಸಾಲಿನಲ್ಲೇ ಹಾಕೋಣ ಎಂದಿದ್ದರು. ಸಿಸ್ಟರೇ ಬೇಡ ಎಂದರು. "ನಾಳೆ ಯಾರಾರ ಏನಾರ ಕೇಳಿದ್ರ ನಾ ಏನಂತ ಹೇಳ್ಲಿ? ನಾ ನೋಡಿನಿ ಅಷ್ಟಾ." ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಪ್ರಬಂಧದ ಪ್ರತಿಯನ್ನು ಕೊಡಲು ಒಂದು ಭಾನುವಾರ ಬೆಳಿಗ್ಗೆ ಕ್ಯಾಂಪಿಗೆ ಹೋದೆ. ಸಿಸ್ಟರ್ ರಜೆಯ ಮೇಲೆ ಬಂದಿದ್ದರು. ಭತ್ತ ಕೊಯ್ದು ಮುಗಿದಿತ್ತು, ಅಂಗಳದಲ್ಲಿ ಹುಲ್ಲಿನ ಬಣವೆ. ಅವರು ಹಾಳೆಗಳನ್ನು ತಿರುವಿ, ತಾವು ನೋಡಿದ ಗೆರೆಗಳಲ್ಲಿ ಒಂದನ್ನು ಗುರುತು ಹಿಡಿದರು. "ಇದು ತಾಳ ಇಲ್ಲದ್ದು. ಇದಕ್ಕ ಏನ್ ಆಗೈತಿ ಅಂತ ತಿಳೀತೇನ್ರಿ?" ಎಂದು ಕೇಳಿದರು. ಸುತ್ತಲಿನ ದೂಳು ಆಗಾಗ ಅದರ ಮುಂದೆ ಬಂದು ಬೆಳಕು ತಡೆಯುತ್ತದೆ ಎಂದು ತೋರುತ್ತದೆ, ಖಚಿತವಾಗಿ ಗೊತ್ತಿಲ್ಲ ಎಂದೆ.

ಅವರ ತಾಯಿ ಒಳಗಿನಿಂದ ಬಂದು ಕನ್ನಡಕ ಹಾಕಿಕೊಂಡು ಪಕ್ಕ ಕೂತರು. ಅವರಿಗೆ ಓದಲು ಬರುವುದು ಬಂಗಾಳಿ ಒಂದೇ. ಮಗಳು ಕೊನೆಯ ಪುಟದ ಮೇಲೆ ಬೆರಳಿಟ್ಟು ಏನೋ ಹೇಳಿದರು. ತಾಯಿ ಆ ಇಂಗ್ಲಿಷ್ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು, ಆಮೇಲೆ ಪೆನ್ನು ತರಿಸಿದರು. ಅಚ್ಚಾದ ಹೆಸರಿನ ಕೆಳಗೆ, ಸಾಲು ತಪ್ಪದಂತೆ ನಿಧಾನವಾಗಿ, ಮಗಳ ಹೆಸರನ್ನು ಬಂಗಾಳಿಯಲ್ಲಿ ಬರೆದರು. ಅದರ ಪಕ್ಕದಲ್ಲಿ ಇನ್ನೊಂದು ಪದ ಬರೆದರು. ಅದೇನೆಂದು ಕೇಳಿದೆ.

"ನಮ್ಮಪ್ಪನ ಹೆಸರು," ಎಂದರು ಸಿಸ್ಟರ್. "ಅವ್ವಗ ಬರೀ ನನ್ನ ಹೆಸರು ಇದ್ರ ಸರಿ ಕಾಣ್ಲಿಲ್ಲ."

ಪೆನ್ನು ಮುಚ್ಚಿ ನನ್ನ ಕೈಗೆ ಕೊಟ್ಟು, ತಾಯಿ ಹಾಳೆಗಳನ್ನು ಮಡಿಚದೆ ಹಾಗೇ ಎತ್ತಿಕೊಂಡು ಒಳಗೆ ಹೋದರು.